ನಾಲ್ಕನೇ ತೂತು

ಹೋದ ತಿಂಗಳು ಇದೇ ಅಂಕಣದಲ್ಲಿ ಡಿಶ್‌ವಾಷರ್ ಬಾಗಿಲಿನ ಹಿಂಜ್ ರಿಪೇರಿ ಕಥೆ ಬರೆದಿದ್ದೆ. ಅದನ್ನ ಓದಿ ನಾಲ್ಕೈದು ಜನ "ನಮ್ಮನೇದೂ ಸರಿಹೋಯ್ತು" ಅಂತ ಬರೆದ್ರಿ, ಖುಷಿಯಾಯ್ತು. ಈ ಸಲದ ರಿಪೇರಿ ಸ್ವಲ್ಪ ಬೇರೆ ಥರದ್ದು. ಓದ್ತಾ ಓದ್ತಾ ಕೆಲವರಿಗೆ ಇರುಸುಮುರುಸು ಆಗಬಹುದು. ನಂಗೂ ಆಗಿತ್ತು. ಯಾಕಂದ್ರೆ ರಿಪೇರಿಗೆ ಬಂದಿದ್ದು ಒಂದು ಬಂದೂಕು.

ನಾವಿರೋದು ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಲ್ಲಿ. ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜ ಒಬ್ಬರೇ ಇದ್ದಾರೆ. ಮೂವತ್ತೆಂಟು ವರ್ಷ ಮಷಿನ್ ಶಾಪ್‌ನಲ್ಲಿ ಟೂಲ್ ಮೇಕರ್ ಆಗಿದ್ದವರು. ನಾವು ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಎದ್ದು ಶವಲ್ ಹಿಡಿಯೋ ಹೊತ್ತಿಗೆ ಆಗಲೇ ನಮ್ಮ ಡ್ರೈವ್‌ವೇ ಹಿಮ ಎತ್ತಿಟ್ಟು, ಹೇಳದೇ ಹೋಗಿಬಿಟ್ಟಿದ್ದರು. ಅಂಥವರು. ಅಕ್ಟೋಬರ್‌ನ ಒಂದು ಶುಕ್ರವಾರ ಸಂಜೆ ಬೇಲಿ ಹತ್ರ ನಿಂತು, "ನಿನಗೆ ಸ್ಕ್ರೂ ಕೆಲಸ ಗೊತ್ತಲ್ಲ, ನಾಳೆ ಬೆಳಿಗ್ಗೆ ಒಂದ್ಸಲ ಗರಾಜಿಗೆ ಬರ್ತೀಯಾ?" ಅಂತ ಕೇಳಿದ್ರು. ಕೇಳುವಾಗ ನನ್ನ ಮುಖ ನೋಡಲಿಲ್ಲ. ಅದು ಅವರ ಸ್ವಭಾವ ಅಲ್ಲ.

ವಿಷಯ ಏನಂದ್ರೆ, ಅವರ ಹತ್ರ 1974ರಲ್ಲಿ ಕೊಂಡ ರೆಮಿಂಗ್ಟನ್ 700 ರೈಫಲ್ ಇದೆ. ಅದರ ಮೇಲೆ ಇಷ್ಟು ವರ್ಷ ಸ್ಕೋಪ್, ಅಂದ್ರೆ ದುರ್ಬೀನು, ಇರಲೇ ಇಲ್ಲ. ನಳಿಕೆ ಮೇಲಿರೋ ಕಬ್ಬಿಣದ ಗುರಿಯಲ್ಲೇ ಅವರು ಪ್ರತಿ ವರ್ಷ ಜಿಂಕೆ ಹೊಡೀತಿದ್ರು. ಈಗ ಕಣ್ಣು ಕೇಳಲ್ಲ. ಕಬ್ಬಿಣದ ಗುರಿಯಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ, ದೂರದ ಗುರಿ ಈ ಮೂರನ್ನೂ ಕಣ್ಣು ಒಟ್ಟಿಗೆ ಹಿಡೀಬೇಕು. ವಯಸ್ಸಾದ ಕಣ್ಣಿಗೆ ಹತ್ತಿರದ್ದು ಮಸುಕು. ಸ್ಕೋಪ್ ಹಾಕಿದ್ರೆ ಗುರಿಗೆರೆ ಮತ್ತು ಗುರಿ ಎರಡೂ ಒಂದೇ ದೂರದಲ್ಲಿ ಇದ್ದ ಹಾಗೆ ಕಾಣುತ್ತೆ. ಹದಿಮೂರು ವರ್ಷದ ಮೊಮ್ಮಗಳು ಈ ವರ್ಷ ಮೊದಲ ಸಲ ಅವರ ಜೊತೆ ಕಾಡಿಗೆ ಬರ್ತಾಳೆ. ತರಬೇತಿ ಕೋರ್ಸ್ ಮುಗಿಸಿದ್ದಾಳೆ, ಅವಳಿಗೆ ಬೇರೆ ಹಗುರದ ರೈಫಲ್ ಇದೆ. ಅಜ್ಜ ಪಕ್ಕದಲ್ಲಿ ಕೂರಬೇಕು. ಇಲ್ಲಿ ರೈಫಲ್ ಸೀಸನ್ ಶುರುವಾಗೋದು ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ. 2019ಕ್ಕೆ ಮೊದಲು ಸೋಮವಾರ ಇರ್ತಿತ್ತು. ಆ ಸೋಮವಾರ ಎಷ್ಟೋ ಕಡೆ ಶಾಲೆಗೆ ಈಗಲೂ ರಜೆ. ನಮ್ಮ ಕಡೆ ಊರ ಜಾತ್ರೆಗೆ ರಜೆ ಕೊಡ್ತಾರಲ್ಲ, ಹಾಗೆ.

ಶುಕ್ರವಾರ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ಒರೆಸೋದು ನಿಲ್ಲಿಸಿದ್ಲು.

"ನೋಡು, ಅದು ನಮ್ಮನೆ ಹೊಸಿಲು ದಾಟಬಾರದು. ಗುಂಡು ಇರೋ ಕೋಣೇಲಿ ನೀನು ಇರಬಾರದು. ಅಷ್ಟೇ."

ಅವಳು ಹೇಳಿದ್ದು ಜಾಸ್ತಿ ಆಯ್ತು ಅಂತ ನಂಗೆ ಅನ್ನಿಸಲಿಲ್ಲ. ನಮ್ಮ ಮಗಳು ಎರಡನೇ ಕ್ಲಾಸು. ಶಾಲೇಲಿ ಲಾಕ್‌ಡೌನ್ ಡ್ರಿಲ್ ಅಂತ ಮಾಡಿಸ್ತಾರೆ: ದೀಪ ಆರಿಸಿ, ಬಾಗಿಲು ಹಾಕಿ, ಮೂಲೇಲಿ ಸದ್ದಿಲ್ಲದೆ ಕೂರೋದು. ಮೊದಲ ಸಲ ಮನೆಗೆ ಬಂದು ಅವಳು ಅದನ್ನ ಆಟದ ಥರ ವರ್ಣಿಸಿದ ದಿನ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಆದ್ರೆ ನಮ್ಮ ಡ್ರೈವ್‌ವೇ ಹಿಮ ಎತ್ತಿದ ಮನುಷ್ಯನ ಗರಾಜಲ್ಲೂ ಬಂದೂಕಿದೆ. ಎರಡೂ ಇದೇ ಊರು. ನಾನು ಇದಕ್ಕೆ ಉತ್ತರ ಹುಡುಕೋಕೆ ಹೋಗಲ್ಲ.

ಇನ್ನೊಂದು ಮಾತು, ಇಲ್ಲಿಗೆ ಬಂದಿರೋ, ಬರೋ ತಯಾರೀಲಿರೋ ಹುಡುಗರಿಗೆ. ಎಚ್‌-1ಬಿ ಥರದ ವೀಸಾದಲ್ಲಿ ಇರೋರು ಬಂದೂಕು ಇಟ್ಕೊಳ್ಳೋದನ್ನ ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತೆ. ಬೇಟೆ ಲೈಸೆನ್ಸ್ ಇರೋದು ಮುಂತಾದ ಕೆಲವು ವಿನಾಯಿತಿ ಇವೆ. ಗೆಳೆಯರ ಜೊತೆ ರೇಂಜ್‌ಗೆ ಹೋಗಿ ಫೋಟೋ ಹಾಕೋ ಮೊದಲು ವಕೀಲರನ್ನ ಕೇಳಿ. ನಂಗೆ ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯ್ತು. ಅದಕ್ಕೆ ಮುಂಚೆ ಆಗಿದ್ರೆ ಬೇಲಿ ಹತ್ರಾನೇ ಕ್ಷಮೆ ಕೇಳಿ ಬಂದುಬಿಡ್ತಿದ್ದೆ.

ಶನಿವಾರ ಬೆಳಿಗ್ಗೆ ಗರಾಜಿಗೆ ಹೋದೆ. ಅಜ್ಜ ನಾನು ಕೇಳೋ ಮೊದಲೇ ಬೋಲ್ಟ್ ಪೂರ್ತಿ ಹೊರಗೆ ತೆಗೆದು ಬೆಂಚಿನ ಮೇಲಿಟ್ಟಿದ್ರು. ನಳಿಕೆಯ ಹಿಂದಿಂದ ನೋಡಿದ್ರೆ ಆ ಕಡೆಯ ಬೆಳಕು ಕಾಣ್ತಿತ್ತು. "ಬೆರಳು ಹಾಕಿ ನೋಡು" ಅಂದ್ರು. ಹಾಕಿದೆ, ಖಾಲಿ. ಗುಂಡುಗಳೆಲ್ಲ ಮನೆಯೊಳಗೆ ಬೀಗದಲ್ಲಿ. ಒಂದು ಗಂಟೆ ಬಿಟ್ಟು ಕಾಫಿ ಕುಡಿದು ಬಂದಾಗ ಮತ್ತೆ ಬೆರಳು ಹಾಕಿಸಿದ್ರು. ಬೋಲ್ಟೇ ಇಲ್ಲದ ರೈಫಲ್‌ಗೆ ಎರಡೆರಡು ಸಲ ಯಾಕೆ ಅಂತ ಕೇಳಲಿಲ್ಲ, ಅವರ ಮನೆ, ಅವರ ಪದ್ಧತಿ.

ಈಗ ರಿಪೇರಿ ವಿಷಯ. ರೈಫಲ್‌ನ ನಡುಭಾಗಕ್ಕೆ ರಿಸೀವರ್ ಅಂತಾರೆ. ಬೋಲ್ಟ್ ಓಡಾಡೋ ಉಕ್ಕಿನ ಮನೆ. ಅದರ ತಲೆ ಮೇಲೆ ಕಾರ್ಖಾನೇಲೇ ನಾಲ್ಕು ತೂತು ಕೊರೆದು ಥ್ರೆಡ್ ಹಾಕಿರ್ತಾರೆ, ಮುಂದೆ ಎರಡು, ಹಿಂದೆ ಎರಡು. ಅದಕ್ಕೆ ಬೇಸ್ ಅನ್ನೋ ಪಟ್ಟಿ ಕೂರುತ್ತೆ, ಬೇಸ್ ಮೇಲೆ ರಿಂಗ್, ರಿಂಗ್ ಒಳಗೆ ಸ್ಕೋಪ್. ಸ್ಕೋಪ್ ಎಷ್ಟೇ ದುಬಾರಿ ಇರಲಿ, ಅದನ್ನ ರೈಫಲ್‌ಗೆ ಹಿಡಿದಿರೋದು ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ನಾಲ್ಕು ಸ್ಕ್ರೂ. ಪ್ರತಿ ಗುಂಡಿಗೂ ಆ ಸ್ಕ್ರೂಗಳ ಮೇಲೆ ಒಂದು ಹೊಡೆತ. ಒಂದು ಸಡಿಲ ಆದ್ರೆ ಗುರಿ ತಪ್ಪುತ್ತೆ. ಕಾಗದಕ್ಕೆ ತಪ್ಪಿದ್ರೆ ಪರವಾಗಿಲ್ಲ. ಪ್ರಾಣಿಗೆ ತಪ್ಪಿದ್ರೆ ಅದು ಗಾಯ ಹೊತ್ತು ಕಾಡೊಳಗೆ ಓಡುತ್ತೆ, ಎಲ್ಲೋ ನರಳುತ್ತೆ. ಅಜ್ಜನಿಗೆ ಅದೇ ಭಯ. "ಐವತ್ತು ವರ್ಷದಲ್ಲಿ ಒಂದೇ ಒಂದು ಸಲ ಹಾಗಾಗಿದೆ. ಆ ಹುಡುಗಿ ಎದುರು ಎರಡನೇದು ಬೇಡ" ಅಂದ್ರು. ನಾನು ಮೊಟ್ಟೆ ಕೂಡ ತಿನ್ನದವನು. ಆದ್ರೂ ಆ ಮಾತು ನಂಗೆ ಅರ್ಥ ಆಯ್ತು.

ಸ್ಕೋಪ್ ಇಲ್ಲದ ರೈಫಲ್‌ಗಳಲ್ಲಿ ಈ ತೂತುಗಳಿಗೆ ತಲೆಯಿಲ್ಲದ ಪುಟ್ಟ ಡಮ್ಮಿ ಸ್ಕ್ರೂ ಹಾಕಿ ಮುಚ್ಚಿರ್ತಾರೆ. ಐವತ್ತು ವರ್ಷ ಅವನ್ನ ಯಾರೂ ಮುಟ್ಟಿಲ್ಲ. ಒಂದು ತೂತು ಮಾತ್ರ ಚೆನ್ನಾಗಿತ್ತು. ಒಂದರ ಡಮ್ಮಿ ಜಪ್ಪಯ್ಯ ಅಂದ್ರೂ ತಿರುಗಲ್ಲ. ಇನ್ನೊಂದರ ಡಮ್ಮಿ ಬಂದಿತ್ತು, ಆದ್ರೆ ಒಳಗೆ ಹಳೇ ಎಣ್ಣೆ ಒಣಗಿ ಅಂಟಾಗಿ, ಕಪ್ಪು ಬಣ್ಣ ಏರಿಸುವಾಗಿನ ಉಪ್ಪಿನ ಬಿಳಿ ಪುಡಿ ಸೇರಿ, ಥ್ರೆಡ್ಡೇ ಕಾಣ್ತಿರಲಿಲ್ಲ. ನಾಲ್ಕನೇದು, ಎಲ್ಲಕ್ಕಿಂತ ಹಿಂದಿನದ್ದು, ಅದರ ಬಾಯಿ ನೋಡಿದ ತಕ್ಷಣ ಗೊತ್ತಾಯ್ತು. ಮೊದಲೆರಡು ಸುತ್ತಿನ ಥ್ರೆಡ್ ಕೊಚ್ಚಿಹೋಗಿತ್ತು. ಅದೂ ತಾಜಾ, ಬೆಳ್ಳಗೆ ಹೊಳೀತಿತ್ತು.

"ಇದು ಯಾರು...?" ಅಂತ ಶುರು ಮಾಡಿದವನು ನಿಲ್ಲಿಸಿದೆ.

"ನಾನೇ," ಅಂದ್ರು ಅಜ್ಜ. "ಬುಧವಾರ."

ಬೇಸ್ ಜೊತೆ ಬಂದಿದ್ದ ಸ್ಕ್ರೂ ಒಂದು ಕೆಳಗೆ ಬಿದ್ದು ಕಳೆದುಹೋಯ್ತಂತೆ. ಕಾಫಿ ಡಬ್ಬದಲ್ಲಿ ನೂರಾರು ಹಳೇ ಸ್ಕ್ರೂ ಇದ್ವು, ಅದರಲ್ಲಿ ಒಂದು ಸರಿಯಾಗಿ ಕೂರೋ ಹಾಗೆ ಕಾಣ್ತು. ಕಣ್ಣು ಮಸುಕು, ಕೈ ಬೇರೆ ನಡುಕ. ಒಂದೂವರೆ ಸುತ್ತು ಹೋಗಿ ಬಿಗಿಯಾಯ್ತು. ತೂತಲ್ಲಿ ಕಸ ಇರಬೇಕು ಅಂತ ಇನ್ನೊಂದು ಚೂರು ಒತ್ತಿ ತಿರುಗಿಸಿದ್ರು.

ಇಲ್ಲೊಂದು ಸೂಕ್ಷ್ಮ ಇದೆ. ಈ ಸ್ಕ್ರೂ ಅಳತೆ 6-48. ಅಂದ್ರೆ ಆರನೇ ನಂಬರ್ ದಪ್ಪ, ಸುಮಾರು ಮೂರೂವರೆ ಮಿಲಿಮೀಟರ್, ಒಂದು ಇಂಚಿಗೆ 48 ಥ್ರೆಡ್. ಅಮೆರಿಕದ ಸಾಮಾನ್ಯ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಆರನೇ ನಂಬರ್ ಸ್ಕ್ರೂ 6-32 ಅಥವಾ 6-40. ದಪ್ಪ ಅದೇ, ಥ್ರೆಡ್ ಬೇರೆ. 6-48 ಹೆಚ್ಚಾಗಿ ಬಂದೂಕಿನ ಕೆಲಸದಲ್ಲೇ ಬಳಕೆ. ತಪ್ಪು ಸ್ಕ್ರೂ ತೂತಿಗೆ ಚೆನ್ನಾಗೇ ಹೊಂದುತ್ತೆ, ಒಂದು ಸುತ್ತು ಮರ್ಯಾದೆಯಾಗಿ ಒಳಗೂ ಹೋಗುತ್ತೆ, ಆಮೇಲೆ ಕೈ ಕೊಡುತ್ತೆ. ಸಿವಿಲ್ ಇಂಜಿನಿಯರ್ ಮಾಡಿದ್ರೆ ಕ್ಷಮಿಸಬಹುದು. ಮೂವತ್ತೆಂಟು ವರ್ಷ ಟೂಲ್ ಮೇಕರ್ ಆಗಿದ್ದವರು ಮಾಡಿದ್ರೆ? ಊರಲ್ಲಿ ಒಳ್ಳೇ ಬಂದೂಕು ರಿಪೇರಿಯವನು ಇದ್ದಾನೆ. ಒಂದು ಕಾಲದಲ್ಲಿ ಇವರ ಕೈಕೆಳಗೇ ಕೆಲಸ ಕಲಿತವನಂತೆ. ಅವನ ಹತ್ರ ಯಾಕೆ ಹೋಗಲಿಲ್ಲ ಅಂತ ನಾನು ಕೇಳಬೇಕಾಗಿರಲಿಲ್ಲ.

ನಂಗೆ ಸ್ಕ್ರೂ, ಟ್ಯಾಪ್ ಎಲ್ಲಾ ಗೊತ್ತಿರೋದು ಅಪ್ಪನಿಂದ. ಅಪ್ಪನದು ಪೀಣ್ಯದಲ್ಲಿ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್ ಇದ್ದ ಸಣ್ಣ ವರ್ಕ್‌ಶಾಪು. ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆದವನು ನಾನು. 2016ರಲ್ಲಿ ಮುಚ್ಚಿದ್ರು. ಈಗ ಅವರಿಗೂ ಕೈ ನಡುಗುತ್ತೆ, ಕಾಫಿ ಲೋಟ ಎರಡು ಕೈಲಿ ಹಿಡೀತಾರೆ. ಅವರಿಗೆ ವಾಟ್ಸ್ಯಾಪ್ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ಬೆಳಿಗ್ಗೆ ಎಂಟೂವರೆ, ಬೆಂಗಳೂರಲ್ಲಿ ಸಂಜೆ ಆರು.

ಹಿಂದಿಂದ ಅಮ್ಮನ ದನಿ ಮೊದಲು ಬಂತು: "ಅಯ್ಯೋ ಕೋವಿನಾ? ನೀನು ಯಾಕೋ ಅದನ್ನೆಲ್ಲ ಮುಟ್ಟಕ್ಕೆ ಹೋದೆ?"

"ಅಮ್ಮ, ಗುಂಡಿಲ್ಲ, ಬರೀ ಕಬ್ಬಿಣ."

"ಸುಮ್ನಿರೇ, ಥ್ರೆಡ್ ತೋರ್ಸ್ತಾ ಇದಾನೆ," ಅಂದ್ರು ಅಪ್ಪ. ಕನ್ನಡಕ ಹಾಕ್ಕೊಂಡ್ರು. "ಹತ್ರ ಹಿಡಿ. ಟಾರ್ಚ್ ಬಿಡು. ಅಲ್ಲ ಕಣೋ, ಓರೆಯಾಗಿ ಬಿಡು. ನೆಟ್ಟಗೆ ಬಿಟ್ರೆ ಥ್ರೆಡ್ ಕಾಣಲ್ಲ."

ಮುಂದಿನ ಎರಡು ಗಂಟೆ ಅಪ್ಪ ಫೋನಲ್ಲಿ, ಅಜ್ಜ ಪಕ್ಕದಲ್ಲಿ, ನಡುವೆ ನಾನು. ಅಪ್ಪನ ಇಂಗ್ಲಿಷ್ ಅಷ್ಟಕ್ಕಷ್ಟೇ, ಅಜ್ಜನಿಗೆ ಕನ್ನಡ ಸೊನ್ನೆ. ಆದ್ರೆ ಅಪ್ಪ "ಬಾಟಮಿಂಗ್ ಟ್ಯಾಪ್" ಅಂದಾಗ ನಾನು ಅನುವಾದ ಮಾಡೋ ಮೊದಲೇ ಅಜ್ಜ ಡ್ರಾಯರ್ ಎಳೆದಾಗಿತ್ತು.

ಮೊದಲು ಕಚ್ಚಿಕೊಂಡ ಡಮ್ಮಿ. ಇಂಥ ಕಡೆ ಎಲ್ಲರೂ ಮಾಡೋ ತಪ್ಪು ಅಡುಗೆಮನೆ ಡ್ರಾಯರಿನ ಸ್ಕ್ರೂಡ್ರೈವರ್ ಹಿಡಿಯೋದು. ಅದರ ತುದಿ ಬೆಣೆ ಥರ ಇಳಿಜಾರಾಗಿರುತ್ತೆ. ಜೋರು ಹಾಕಿದ್ರೆ ಕಚ್ಚಿನಿಂದ ಮೇಲೇಳುತ್ತೆ, ಕಚ್ಚು ಹರಿಯುತ್ತೆ, ರಿಸೀವರ್ ಮೇಲೂ ಗೀರು. ಬಂದೂಕು ಕೆಲಸದವರ ಸ್ಕ್ರೂಡ್ರೈವರ್ ತುದಿಯ ಎರಡು ಮುಖವೂ ಸಮಾನಾಂತರ ಇರುತ್ತೆ, ಕಚ್ಚನ್ನ ಪೂರ್ತಿ ತುಂಬುತ್ತೆ. ಅಜ್ಜನ ಸೆಟ್‌ನಲ್ಲಿ ಇಷ್ಟು ಸಣ್ಣದಿರಲಿಲ್ಲ. ಅಪ್ಪ "ಒಂದು ಹಳೇದು ತಗೊಂಡು ಫೈಲ್ ಮಾಡು" ಅಂದ್ರು. ಹತ್ತು ನಿಮಿಷ ಉಜ್ಜಿ, ಕಚ್ಚಿಗೆ ಹಾಕಿ ನೋಡಿ, ಮತ್ತೆ ಉಜ್ಜಿ, ಅಲ್ಲಾಡದ ಹಾಗೆ ಕೂರಿಸಿದೆ.

ಆದ್ರೂ ತಿರುಗಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ಥ್ರೆಡ್ ಅಂಟು ಹಾಕಿರಬೇಕು. ಕೆಂಪು ಅಂಟಾದ್ರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ಬಿಸಿ ಆಗದೆ ಬಿಡಲ್ಲ. ಇಲ್ಲಿ ಗ್ಯಾಸ್ ಟಾರ್ಚ್ ಹಿಡಿಯೋ ಹಾಗಿಲ್ಲ. ರಿಸೀವರ್ ಹದ ಮಾಡಿದ ಉಕ್ಕು, ಪ್ರತಿ ಗುಂಡಿನ ಒತ್ತಡ ತಡೆಯೋದು ಆ ಹದದಿಂದಲೇ. ಅದಕ್ಕೆ ಸಾಲ್ಡರಿಂಗ್ ಐರನ್. ಅದರ ಮೊನೆಯನ್ನ ಸ್ಕ್ರೂ ಕಚ್ಚಿಗೆ ಒತ್ತಿ ಹಿಡಿದೆ. ಬಿಸಿ ಸ್ಕ್ರೂಗಷ್ಟೇ ಹೋಗುತ್ತೆ, ಅಕ್ಕಪಕ್ಕ ಬೆಚ್ಚಗಾಗುತ್ತೆ ಅಷ್ಟೇ. ಎರಡು ನಿಮಿಷ ಬಿಟ್ಟು ಬಿಸಿ ಇದ್ದಾಗಲೇ ತಿರುಗಿಸಿದೆ. ಟಕ್ ಅಂತ ಸಣ್ಣ ಸದ್ದು. ಬೆಂಗಳೂರಲ್ಲಿ ಅಪ್ಪನಿಗೂ ಕೇಳಿಸ್ತು. "ಬಂತು ಬಂತು," ಅಂದ್ರು.

ಕಸ ತುಂಬಿದ ತೂತಿನ ಕೆಲಸ ತಾಳ್ಮೆಯದ್ದು. ಅಸಿಟೋನ್ ಅದ್ದಿದ ಪೈಪ್ ಕ್ಲೀನರ್ ಹಾಕಿ ತಿರುಗಿಸೋದು, ತೆಗೆಯೋದು, ಹಲ್ಲುಕಡ್ಡಿ ಮೊನೆಯಲ್ಲಿ ಮೂಲೆ ಕೆದಕೋದು, ಮತ್ತೆ ಅಸಿಟೋನ್. ಮೊದಲು ಕಪ್ಪು, ಆಮೇಲೆ ಕಂದು, ಕೊನೆಗೆ ಬಿಳಿಯಾಗೇ ಹೊರಗೆ ಬಂತು. ಈ ಹಂತ ಬಿಟ್ಟು ನೇರ ಟ್ಯಾಪ್ ಹಾಕಿದ್ರೆ ಕಸವೆಲ್ಲ ಗಟ್ಟಿಯಾಗಿ ತಳಕ್ಕೆ ಹೋಗಿ ಕೂರುತ್ತೆ. ತಳ ಮುಚ್ಚಿದ ತೂತಲ್ಲಿ ಎಣ್ಣೆ ಉಳಿದ್ರೂ ಮೋಸ: ಸ್ಕ್ರೂ ಎಣ್ಣೆ ಮೇಲೆ ಒತ್ತಿ ನಿಲ್ಲುತ್ತೆ, ಬಿಗಿಯಾದ ಹಾಗೆ ಕೈಗೆ ಅನ್ನಿಸುತ್ತೆ, ಬೇಸ್ ಕೂತೇ ಇರಲ್ಲ.

ಆಮೇಲೆ ಟ್ಯಾಪ್. ಕೈಯಲ್ಲಿ ಥ್ರೆಡ್ ಹಾಕೋ ಟ್ಯಾಪ್‌ನಲ್ಲಿ ಮೂರು ಥರ ಇದೆ ಅಂತ ವರ್ಕ್‌ಶಾಪ್ ನೋಡಿದವರಿಗೆ ಗೊತ್ತು. ಮೊದಲೆರಡರ ಮೂತಿ ಚೂಪು, ಕೊನೇದರ ಮೂತಿ ಚಪ್ಪಟೆ. ಇಲ್ಲಿ ಬೇಕಿರೋದು ಚಪ್ಪಟೆಯದ್ದೇ, ಯಾಕಂದ್ರೆ ನಾಲ್ಕು ಮಿಲಿಮೀಟರ್ ಆಳ ಅಂದ್ರೆ ಈ ಅಳತೇಲಿ ಏಳೆಂಟು ಥ್ರೆಡ್ ಅಷ್ಟೇ. ಚೂಪು ಟ್ಯಾಪ್‌ನ ಮೂತಿಯೇ ತಳ ಮುಟ್ಟಿಬಿಡುತ್ತೆ. ಅಜ್ಜನ ಹತ್ರ 6-48 ಟ್ಯಾಪ್ ಇತ್ತು! ಸ್ಕ್ರೂ ಇರಲಿಲ್ಲ, ಟ್ಯಾಪ್ ಇತ್ತು. ಟೂಲ್ ಮೇಕರ್‌ಗಳು ಹಾಗೇ.

"ಹ್ಯಾಂಡಲ್ ಬೇಡ," ಅಂದ್ರು ಅಪ್ಪ. "ಎರಡು ಬೆರಳಲ್ಲಿ ಹಿಡಿ. ನೀನು ಹೊಸ ಥ್ರೆಡ್ ಕೊರೀತಾ ಇಲ್ಲ, ಇರೋ ಥ್ರೆಡ್ ಹುಡುಕ್ತಾ ಇದೀಯ. ಮೊದಲು ಹಿಂದಕ್ಕೆ ತಿರುಗ್ಸು. ಟಿಕ್ ಅಂತ ಕೆಳಗೆ ಬೀಳುತ್ತಲ್ಲ, ಅಲ್ಲಿಂದ ಮುಂದಕ್ಕೆ. ಮೂರನೇ ಬೆರಳು ಬೇಕು ಅನ್ನಿಸಿದ್ರೆ ನಿಲ್ಸು."

ಟ್ಯಾಪ್‌ನ ಕಾಲುವೆಗೆ ಒಂದು ಚೂರು ಗ್ರೀಸ್ ಹಚ್ಚಿದ್ದೆ, ಕಿತ್ತ ಚೂರು ಅದಕ್ಕೇ ಅಂಟಿ ಬರಲಿ ಅಂತ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮೂರು ತೂತು ಹೀಗೇ ಆಯ್ತು. ಹೊಸ ಸ್ಕ್ರೂ ಬೆರಳಲ್ಲೇ ತಳದವರೆಗೆ ಹೋಯ್ತು.

ನಾಲ್ಕನೇದು ಉಳೀತು.

ಅದಕ್ಕೂ ಟ್ಯಾಪ್ ಇಟ್ಟೆ. ಹಿಂದಕ್ಕೆ ತಿರುಗಿಸಿದ್ರೆ ಟಿಕ್ ಅನ್ನೋ ಜಾಗವೇ ಸಿಗ್ತಿಲ್ಲ. ಒಂದ್ಸಲ ಸಿಕ್ಕ ಹಾಗಾಗಿ ಕಾಲು ಸುತ್ತು ಹೋಯ್ತು, ಆಮೇಲೆ ಗಟ್ಟಿ. ಟ್ಯಾಪ್ ಓರೆಯಾಗಿ ನಿಂತಿತ್ತು. ಅಜ್ಜ, "ಹ್ಯಾಂಡಲ್ ಹಾಕು, ಹೋಗುತ್ತೆ" ಅಂದ್ರು. ಅವರಿಗೂ ಗೊತ್ತು ಅದು ತಪ್ಪು ಅಂತ. ಹದ ಮಾಡಿದ ಉಕ್ಕಲ್ಲಿ ಮೂರೂವರೆ ಮಿಲಿಮೀಟರ್ ಟ್ಯಾಪ್ ಮುರಿದ್ರೆ, ಒಳಗೆ ಉಳಿದ ತುಂಡು ರಿಸೀವರ್‌ಗಿಂತ ಗಟ್ಟಿ. ಡ್ರಿಲ್ ಅದನ್ನ ಕೊರೆಯಲ್ಲ.

ನಾನು ನಿಲ್ಲಿಸಿದೆ. ಆಗ ಅವರು, "ಹಾಗಾದ್ರೆ ನೀನೇ ಡ್ರಿಲ್ ಮಾಡು, ದೊಡ್ಡ ಸ್ಕ್ರೂ ಹಾಕೋಣ. ನನ್ನ ಡ್ರಿಲ್ ಇದೆ" ಅಂದ್ರು. ಕೈಯಲ್ಲಿ ಹಿಡಿಯೋ ಡ್ರಿಲ್.

ಆಗಲ್ಲ ಅಂದೆ. ತೂತು ಒಂದು ಕೂದಲಷ್ಟು ಪಕ್ಕಕ್ಕೆ ಹೋದ್ರೂ ಬೇಸ್ ಸೊಟ್ಟ, ಸ್ಕೋಪ್ ಸೊಟ್ಟ. ಅದಕ್ಕೆ ಜಿಗ್ ಬೇಕು, ಡ್ರಿಲ್ ಪ್ರೆಸ್ ಬೇಕು. ನೀವು ನಿಮ್ಮ ಹಳೇ ಶಿಷ್ಯನ ಹತ್ರ ಹೋಗಿ.

ಅವರು ಮಾತಾಡಲಿಲ್ಲ. ಬಟ್ಟೆ ತಗೊಂಡು ಆಗಲೇ ಒರೆಸಿದ್ದ ಬೆಂಚನ್ನೇ ಮತ್ತೆ ಒರೆಸೋಕೆ ಶುರು ಮಾಡಿದ್ರು. ಕೈ ನಡುಗ್ತಿತ್ತು. ಫೋನ್ ವೈಸ್ ಮೇಲೆ ಒರಗಿಸಿಟ್ಟಿದ್ದೆ, ಅಪ್ಪನಿಗೆ ಅದು ಕಾಣ್ತಿತ್ತು.

"ಏನಂತೆ?" ಅಂದ್ರು. ಹೇಳಿದೆ.

ಸ್ವಲ್ಪ ಹೊತ್ತು ಬಿಟ್ಟು, "ನಾನು ಯಾಕೆ ವರ್ಕ್‌ಶಾಪ್ ಮುಚ್ಚಿದ್ದು ಅಂತ ಅವ್ರಿಗೆ ಹೇಳು" ಅಂದ್ರು.

"ಆರ್ಡರ್ ಬರ್ತಿರಲಿಲ್ಲ ಅಂತ ತಾನೇ?"

"ಅದು ನಿಮಗೆ ಹೇಳಿದ್ದು."

ಆಮೇಲೆ ಅಪ್ಪ ಹೇಳಿದ್ದನ್ನ ನಾನು ಒಂದೊಂದು ವಾಕ್ಯವಾಗಿ ಇಂಗ್ಲಿಷಿಗೆ ಮಾಡಿ ಹೇಳ್ತಾ ಹೋದೆ. ಒಬ್ಬ ಹಳೇ ಗಿರಾಕಿ, ಎರಡು ತಿಂಗಳ ಕೆಲಸದ ಒಂದು ಡೈ ಪ್ಲೇಟು. ಕೊನೇ ತೂತಿಗೆ ಟ್ಯಾಪ್ ಹಾಕುವಾಗ ಅಪ್ಪನ ಕೈ ನಡುಗಿ ಟ್ಯಾಪ್ ಮುರೀತು. ಯಾರಿಗೂ ಹೇಳದೆ ರಾತ್ರಿ ಹನ್ನೊಂದರವರೆಗೆ ಅದನ್ನ ತೆಗೆಯೋಕೆ ಒದ್ದಾಡಿದ್ರು. ಆ ಒದ್ದಾಟದಲ್ಲಿ ಪ್ಲೇಟೇ ಹಾಳಾಯ್ತು. ಬೆಳಿಗ್ಗೆನೇ ಎರಡು ಶೆಡ್ ಆಚೆ ಇದ್ದ ಸ್ಪಾರ್ಕ್ ಮಷಿನ್‌ನವನಿಗೆ ಕೊಟ್ಟಿದ್ರೆ ಒಂದು ಗಂಟೇಲಿ ತೆಗೆದುಕೊಡ್ತಿದ್ದ. ಆ ಹುಡುಗನೂ ಅಪ್ಪನ ಹತ್ರಾನೇ ಕೆಲಸ ಕಲಿತವನು. ಅವನ ಎದುರು ಹೋಗಿ ನಿಲ್ಲೋಕೆ ಆಗಲಿಲ್ಲ ಅಷ್ಟೇ.

ನಂಗೆ ಇದು ಗೊತ್ತೇ ಇರಲಿಲ್ಲ. ಅನುವಾದ ಮಾಡ್ತಾ ಒಂದು ಕಡೆ ನನ್ನ ದನಿಯೇ ನಿಂತುಹೋಯ್ತು. ಅಜ್ಜ ಫೋನ್ ಕಡೆ ನೋಡ್ತಿದ್ರು.

"ನಿಮ್ಮಪ್ಪನಿಗೆ ವಯಸ್ಸೆಷ್ಟು?" ಅಂದ್ರು.

"ಅರವತ್ತೊಂಬತ್ತು."

"ಹುಡುಗ," ಅಂದ್ರು. ಆಮೇಲೆ ರೈಫಲ್ ಎತ್ತಿ ಕೇಸ್‌ಗೆ ಹಾಕಿದ್ರು.

ಮಂಗಳವಾರ ಅವರು ರಿಪೇರಿಯವನ ಹತ್ರ ಹೋದ್ರು, ಒಬ್ಬರೇ. ಅಲ್ಲಿ ಏನಾಯ್ತು ಅಂತ ಅಜ್ಜ ಹೇಳಿದ್ದು ಎರಡೇ ಮಾತು: ಆ ತೂತನ್ನ 8-40ಕ್ಕೆ ದೊಡ್ಡದು ಮಾಡಿದ, ಅಕ್ಟೋಬರ್ ತಿಂಗಳಲ್ಲಿ ಇದೇ ಕೆಲಸ ದಿನಾ ಬರುತ್ತೆ ಅಂದ. 8-40 ಅಂದ್ರೆ ಎಂಟನೇ ನಂಬರ್, ಸುಮಾರು 4.2 ಮಿಲಿಮೀಟರ್ ದಪ್ಪ. ಹಾಳಾದ ಥ್ರೆಡ್ ಪೂರ್ತಿ ಕೊರೆದುಹೋಗಿ ಹೊಸ ಉಕ್ಕಿನಲ್ಲಿ ಹೊಸ ಥ್ರೆಡ್ ಬರುತ್ತೆ. ಬೇಸ್‌ನಲ್ಲಿರೋ ತೂತನ್ನೂ ಅದಕ್ಕೆ ಸರಿಯಾಗಿ ದೊಡ್ಡದು ಮಾಡಬೇಕು. ನಲವತ್ತು ಡಾಲರ್ ಆಯ್ತಂತೆ. ನಾಲ್ಕನ್ನೂ 8-40 ಮಾಡಿಸೋರೂ ಇದ್ದಾರೆ, ದಪ್ಪ ಸ್ಕ್ರೂಗೆ ಹಿಡಿತ ಜಾಸ್ತಿ ಅಂತ. ಇವರ ಕೆಲಸಕ್ಕೆ ಅದರ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಚೆನ್ನಾಗಿರೋ ಥ್ರೆಡ್ ಯಾಕೆ ಕೊರೀಬೇಕು?

ಮುಂದಿನ ಶನಿವಾರ ಕೂರಿಸೋ ಕೆಲಸ. ಮೊದಲು ಪ್ರತಿ ಸ್ಕ್ರೂವಿನ ಉದ್ದ. ಮುಂದಿನ ಸ್ಕ್ರೂ ಒಂದು ಚೂರು ಉದ್ದ ಆದ್ರೂ ಬ್ಯಾರೆಲ್ಲಿನ ಥ್ರೆಡ್‌ಗೆ ಒತ್ತುತ್ತೆ, ಇಲ್ಲಾ ಬೋಲ್ಟಿನ ಲಗ್‌ಗೆ ತಾಗುತ್ತೆ. ಹಾಗಾಗಿ ಒಂದು ಸ್ಕ್ರೂ ಬಿಗಿ ಮಾಡೋದು, ಬೋಲ್ಟ್ ಹಾಕಿ ತಿರುಗಿಸಿ ನೋಡೋದು, ಆಮೇಲೆ ಇನ್ನೊಂದು. ಎಲ್ಲಾ ಸಲೀಸಾಗಿ ಓಡಿದ ಮೇಲೆ ಮತ್ತೆ ಬಿಚ್ಚಿ, ತೂತು, ಸ್ಕ್ರೂ, ಬೇಸಿನ ತಳ ಎಲ್ಲವನ್ನೂ ಅಸಿಟೋನಲ್ಲಿ ಒರೆಸಿ, ನೀಲಿ ಅಂಟು ಒಂದೊಂದು ಹನಿ. ನೀಲಿ ಅಂಟನ್ನ ಮುಂದೆ ಕೈಯಲ್ಲೇ ಬಿಚ್ಚಬಹುದು. ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ ಬೇಸಿಗೆ 20 ಇಂಚ್-ಪೌಂಡ್. ಕೈಯಳತೆ ನಂಬಬೇಡಿ. "ಚೆನ್ನಾಗಿ ಬಿಗಿ" ಅಂತ ನಾನು ಅಂದ್ಕೊಂಡಿದ್ದು ಅಳೆದು ನೋಡಿದ್ರೆ ಮೂವತ್ತು ದಾಟಿತ್ತು. ಕಣ್ಣಿಗೂ ಸ್ಕೋಪಿಗೂ ಮೂರು ಇಂಚಿಗಿಂತ ಹೆಚ್ಚು ಅಂತರ ಬಿಟ್ವಿ. ಈ .30-06 ಹಿಂದಕ್ಕೆ ಒದೆಯೋ ರಭಸಕ್ಕೆ ಹತ್ತಿರ ಇದ್ರೆ ಹುಬ್ಬಿನ ಮೇಲೆ ಅರ್ಧ ಚಂದ್ರ ಬೀಳುತ್ತಂತೆ. ಅಜ್ಜನ ಹುಬ್ಬಲ್ಲಿ ಅದರ ಗುರುತು ಇದೆ, 1981ರದ್ದು, ಬೇರೆಯವರ ರೈಫಲ್‌ನಿಂದ.

ಕೊನೇ ಸ್ಕ್ರೂ, ನಾಲ್ಕನೇ ತೂತಿಂದು, ಅವರೇ ಹಾಕಿದ್ರು. ಎಡಗೈಲಿ ಬಲಗೈ ಮಣಿಕಟ್ಟು ಹಿಡ್ಕೊಂಡು. ನಾನು ಟಾರ್ಚ್ ಓರೆಯಾಗಿ ಬಿಟ್ಟಿದ್ದೆ.

ನಾನು ರೇಂಜಿಗೆ ಹೋಗಲಿಲ್ಲ, ಕಾಡಿಗೂ ಹೋಗಲ್ಲ. ಅಷ್ಟು ದೂರಕ್ಕೆ ನನ್ನ ಮನಸ್ಸು ಒಪ್ಪಲ್ಲ, ಅದನ್ನ ಅವರಿಗೂ ಹೇಳಿದ್ದೀನಿ. ಅವರು ಸಂಜೆ ಗುರಿಹಾಳೆ ತಂದು ತೋರಿಸಿದ್ರು. 25 ಗಜದಲ್ಲಿ ಮೊದಲ ಗುಂಡು ಎರಡು ಇಂಚು ಎಡಕ್ಕೆ. ಸ್ಕೋಪಿನ ಒಂದು ಕ್ಲಿಕ್ ಅಂದ್ರೆ 100 ಗಜದಲ್ಲಿ ಕಾಲು ಇಂಚು, 25 ಗಜದಲ್ಲಿ ಅದರ ಕಾಲುಭಾಗ. ಹಾಗಾಗಿ ಮೂವತ್ತೆರಡು ಕ್ಲಿಕ್. ಹಾಳೆಯ ಅಂಚಲ್ಲಿ ಪೆನ್ಸಿಲಲ್ಲಿ ಲೆಕ್ಕ ಬರೆದಿದ್ರು, ಟೂಲ್ ಮೇಕರ್ ಅಂಕಿ, ಒಂದರ ಕೆಳಗೊಂದು ನೆಟ್ಟಗೆ. 100 ಗಜದ ಹಾಳೇಲಿ ಮೂರು ತೂತು, ಒಂದು ಬಿಲ್ಲೆಯಲ್ಲಿ ಮುಚ್ಚಬಹುದಿತ್ತು.

ಹೋಗುವಾಗ ಒಂದು ಪುಟ್ಟ ಕವರ್ ಕೊಟ್ರು. ಒಳಗೆ ಆ 6-48 ಟ್ಯಾಪು, ಎಣ್ಣೆ ಕಾಗದದಲ್ಲಿ ಸುತ್ತಿದ್ದು. "ನಿಮ್ಮಪ್ಪನಿಗೆ" ಅಂದ್ರು.

ಬೆಂಗಳೂರಲ್ಲಿ ಇದಕ್ಕೆ ಏನೂ ಕೆಲಸ ಇಲ್ಲ ಅಂತ ಹೇಳೋಣ ಅಂದ್ಕೊಂಡೆ, ಹೇಳಲಿಲ್ಲ. ರಾತ್ರಿ ಅಪ್ಪನಿಗೆ ಫೋಟೋ ಕಳಿಸಿದೆ. ಐದು ನಿಮಿಷ ಬಿಟ್ಟು ಮೆಸೇಜ್ ಬಂತು: "ಮೂತಿ ಇನ್ನೂ ಚೆನ್ನಾಗಿದೆ. ಡಿಸೆಂಬರಲ್ಲಿ ಬರುವಾಗ ಚೆಕ್-ಇನ್ ಬ್ಯಾಗಲ್ಲಿ ಹಾಕು, ಕೈಚೀಲದಲ್ಲಿ ಬೇಡ."